ಬಿಸಾಕಿ ಬಂದ ಇಂಜಿನ್

ಯುದ್ಧ ಮುಗಿದ ಹೊಸತರಲ್ಲಿ ಹೊಸಕೋಟೆಯಲ್ಲಿ ನಾನೊಂದು ಹಳೇ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದೆ. ಏರು ಬಂದರೆ ಕೂತವರು ಇಳಿದು ತಳ್ಳಬೇಕಿತ್ತು. ಮೆಕ್ಯಾನಿಕ್ ಸಾಬರು ಇಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರ್ ಆನಿಸಿ, ಅದರ ಹಿಡಿಗೆ ಕಿವಿಯಿಟ್ಟು ಕೇಳಿದರು.

"ಇನ್ನೂ ಜೀವ ಐತೆ ಸ್ವಾಮಿ. ಒಂದು ತಿಂಗಳು ಬಿಟ್ಟೋಗಿ, ಬಿಚ್ಚಿ ರಿಪೇರಿ ಮಾಡ್ಕೊಡ್ತೀನಿ."

ತಿಂಗಳುಗಟ್ಟಲೆ ಕಾಯುವ ಜಾಯಮಾನ ನನ್ನದಲ್ಲ. ಮಿಲಿಟರಿಯವರು ಹರಾಜು ಹಾಕಿದ್ದ ಲಾರಿ ಇಂಜಿನ್ ತಂದು, ಇದನ್ನೇ ಕೂರಿಸಿ ಅಂದೆ. ಈ ಕಾರಿಗೆ ಅದು ಹೊಂದಲ್ಲ, ಬಿಸಿಯಾಗ್ತದೆ ಅಂದರು.

"ನಿಮ್ಮನ್ನ ಕೇಳ್ದೋರ್ಯಾರು ಸಾಬ್ರೇ? ಹೇಳಿದಷ್ಟು ಮಾಡಿ."

ಮಾಡಿದರು. ಹಳೆಯದನ್ನು ಏನು ಮಾಡಲಿ ಎಂದು ಕೇಳಿದಾಗ, ಎಲ್ಲಾದರೂ ಬಿಸಾಕಿ ಎಂದು ಹೇಳಿ ಬಂದೆ.

ಮುಂದಿನ ಬೇಸಿಗೆಯಲ್ಲಿ ಕುಂದಾಣದ ಹತ್ತಿರ ಲಾರಿ ಇಂಜಿನ್ ಕುದಿದು ನಿಂತಿತು. ಅದಕ್ಕೆ ನೀರು ತರಲು ಡಬ್ಬ ಹಿಡಿದು ಪಕ್ಕದ ತೋಟಕ್ಕೆ ಹೋದೆ. ಬಾವಿಯ ಹತ್ತಿರ, ತೆಂಗಿನ ಗರಿಯ ಚಪ್ಪರದಡಿ ಒಂದು ಇಂಜಿನ್ ನೀರೆತ್ತುತ್ತಿತ್ತು. ಹಿಂದೊಮ್ಮೆ ನನ್ನ ಕಾರಿನ ಹಳೇ ಇಂಜಿನ್ನಿಗೆ ನಾನೇ ಹಾಕಿಸಿದ್ದ ಹಿತ್ತಾಳೆ ತೇಪೆ ಅದರ ಮೈಮೇಲಿತ್ತು.

"ಹೊಸಕೋಟೆ ಸಾಬ್ರು ರಿಪೇರಿ ಮಾಡಿ ಕೊಟ್ಟಿದ್ದು. ಒಂದಿನಾನೂ ಕೈಕೊಟ್ಟಿಲ್ಲ ನೋಡಿ," ಅಂದ ತೋಟದವನು.

ಹೌದಾ ಅಂದು, ಅದು ಸುರಿಯುತ್ತಿದ್ದ ನೀರಿಗೆ ಡಬ್ಬ ಒಡ್ಡಿದೆ.