ಅತ್ತೆ ಬಿಚ್ಚಲು ಬಿಡದ ಗಂಟು

ಎರಡು ವರ್ಷದ ಹಿಂದಿನ ಶ್ರಾವಣ. ನಾವಿರುವುದು ಮಹಾರಾಷ್ಟ್ರದ ಇಚಲಕರಂಜಿಗೆ ಹೊಂದಿಕೊಂಡ ಕಬನೂರಿನಲ್ಲಿ. ನಮ್ಮತ್ತೆ ಮಗ್ಗದ ಕಾರಖಾನೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಲೇ ಮಕ್ಕಳನ್ನು ಬೆಳೆಸಿದವರು. ಆಗಲೇ ಎಪ್ಪತ್ತು ದಾಟಿತ್ತು, ಕಣ್ಣು ಮಂಜು.

ಒಂದು ಬೆಳಿಗ್ಗೆ ಗುಡಿಯಿಂದ ಬರುವಾಗ ಯಾರೋ ಅಡ್ಡ ಬಂದು, ತಾನು ಪೊಲೀಸ್, ಮುಂದೆ ಕಳ್ಳರಿದ್ದಾರೆ ಎಂದು ಹೆದರಿಸಿ ಅವರ ಬಂಗಾರದ ಪಾಟಲಿ ಬಳೆ ತೆಗೆಸಿದ್ದಾನೆ. ಕರವಸ್ತ್ರದಲ್ಲಿ ಕಟ್ಟಿ ಕೈಗಿತ್ತಿದ್ದಾನೆ. ಮನೆಗೆ ಬಂದು ಬಟ್ಟೆಯ ಮೇಲಿಂದಲೇ ಮುಟ್ಟಿ ನೋಡಿದರೆ ಒಳಗೆ ಬರೀ ಕಲ್ಲಿನ ಚೂರು!

ನಾನು ಸುಮ್ಮನಿರಬೇಕಿತ್ತು. "ನಿಮಗ ಅರಳುಮರಳು ಆಗೇತ್ರಿ ಅತ್ತಿ! ಯಾರಿಗರೆ ಹೇಳಿದ್ರ ನಗ್ತಾರ" ಎಂದುಬಿಟ್ಟೆ. ಅವರು ಅಳಲಿಲ್ಲ. ಕರವಸ್ತ್ರದ ಗಂಟಿನ ಮೇಲೆ ಬೆರಳಾಡಿಸುತ್ತ ಕೂತರು. ನಾನು ಬಿಚ್ಚಲು ಹೋದರೆ ಕೈಗೆ ಫಟ್ಟನೆ ಒಂದು ಕೊಟ್ಟರು.

"ಬಿಚ್ಚಬ್ಯಾಡ. ಪೊಲೀಸ್ರಿಗೆ ತೋರಸ್ಬೇಕು. ನಡಿ."

ಠಾಣೆಯಲ್ಲಿ ಒಬ್ಬ ಪೊಲೀಸ್ ಮ್ಯಾಡಂ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, "ಚೇಹರಾ ಕಸಾ ಹೋತಾ, ಆಜೀ?" ಎಂದು ಮರಾಠಿಯಲ್ಲಿ ಮುಖದ ಗುರುತು ಕೇಳಿದರು.

"ಮಾರಿ ಕಾಣ್ಲಿಲ್ಲವ್ವ. ಆದ್ರ ಅಂವ ಮಗ್ಗದ ಕೆಲಸ ಮಾಡಿದಾಂವ. ಎಡಗೈಯಾಂವ."

ಮರ್ಯಾದೆ ಹೋಯಿತು, ಇನ್ನು ಎದ್ದು ಹೋಗಿ ಅನ್ನುತ್ತಾರೆ ಎಂದುಕೊಂಡೆ. ಆದರೆ ಮ್ಯಾಡಂ ಕನ್ನಡ ಗಡಿಯ ಗಡಹಿಂಗ್ಲಜ ಕಡೆಯವರಂತೆ, ಕನ್ನಡದಲ್ಲೇ ಕೇಳಿದರು: "ಹೆಂಗ ಗೊತ್ತಾತ್ರಿ ಅಜ್ಜಿ?"

ಅತ್ತೆ ಸೆರಗಿನಿಂದ ಎರಡು ಎಳೆ ಕಿತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಹಾಕಿದರು. "ಹರಿದ ಎಳಿಗೆ ನಾವು ಹಾಕೂ ಗಂಟ ಇದು. ಅಂವನ ಕರವಸ್ತ್ರದಾಗೂ ಇದ ಐತಿ, ಆದ್ರ ಉಲ್ಟಾ. ಎಡಗೈಲೆ ಹಾಕಿದ್ರ ಹಂಗ ಬೀಳತೈತಿ."

ಮ್ಯಾಡಂ ಎರಡೂ ಗಂಟನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಅತ್ತೆಯ ಒಂದೊಂದು ಮಾತನ್ನೂ ಬರೆದುಕೊಂಡು, ಅವರಿಗೇ ಓದಿ ಹೇಳಿದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಆ ಬೆರಳುಗಳನ್ನು ಸರಿಯಾಗಿ ನೋಡಿರಲೇ ಇಲ್ಲ.

ಅದೇ ಸುಳಿವು ಹಿಡಿದು ಕಾರಖಾನೆಗಳಲ್ಲಿ ವಿಚಾರಿಸಿದ ಪೊಲೀಸರಿಗೆ ಪಕ್ಕದೂರು ಯಡ್ರಾವದಲ್ಲಿ ಅವನು ಸಿಕ್ಕ. ಕೆಲಸ ಬಿಟ್ಟ ನೇಕಾರ, ಎಡಚ. ಪಾಟಲಿ ಮಾತ್ರ ಸಿಗಲಿಲ್ಲ, ಕರಗಿಸಿಬಿಟ್ಟಿದ್ದ.

ಈಗ ಓಣಿಯ ವಯಸ್ಸಾದವರು ಮೋಸಹೋದರೆ ಮಕ್ಕಳಿಗಿಂತ ಮೊದಲು ಅತ್ತೆಗೆ ಹೇಳುತ್ತಾರೆ. ಅವರು ಜೊತೆಗೆ ಠಾಣೆಗೆ ಹೋಗಿ ಕೂರುತ್ತಾರೆ. ಮೊನ್ನೆ ಪಕ್ಕದ ಮನೆಯ ಕಾಕಾ ಫೋನಿನಲ್ಲಿ ಮೋಸಹೋಗಿ, ಮನೆಯವರು ಬೈಯುತ್ತಾರೆಂದು ನಮ್ಮ ಕಟ್ಟೆಯ ಮೇಲೆ ಅಳುತ್ತ ಕೂತಿದ್ದರು. ಅತ್ತೆ ಚಪ್ಪಲಿ ಮೆಟ್ಟುತ್ತ ಅಂದರು: "ಸುಳ್ಳ ಹೇಳಿದಾಂವ ಅಂವ. ನೀವ್ ಯಾಕ ತಲಿ ತಗ್ಗಸ್ತೀರಿ? ಏಳ್ರಿ."

ಕಾಕಾ ತಲೆ ಎತ್ತಿದರು. ಬಾಗಿಲಲ್ಲಿ ನಿಂತಿದ್ದ ನಾನು ತಗ್ಗಿಸಿದೆ.