ಹೆಸರು ಬರೆಯದ ಕಟ್ಟುಗಳು

ನನ್ನ ಅಮ್ಮ ಉಡುಗೊರೆಗಳ ಮೇಲೆ ಹೆಸರು ಬರೆಯುತ್ತಿರಲಿಲ್ಲ. ಕ್ರಿಸ್‌ಮಸ್ಸಿಗೆ ತಿಂಗಳುಗಟ್ಟಲೆ ಇರುವಾಗಲೇ ಚೆನ್ನೈಯ ಸೌಕಾರ್‌ಪೇಟೆಗೆ ಹೋಗಿ, ಆ ಸಂದಿಗಳಲ್ಲಿ ಬೆವರು ಸುರಿಸಿಕೊಂಡು, ಅಂಗಡಿ ಹತ್ತಿ ಇಳಿದು ಬಟ್ಟೆ ತರುತ್ತಿದ್ದಳು. ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡು ಒಂದೊಂದನ್ನೂ ಹಳೆಯ ಕನ್ನಡ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಕಪಾಟಿನ ಮೇಲಿನ ಅಂತಸ್ತಿನಲ್ಲಿ ಇಡುತ್ತಿದ್ದಳು. ಹೆಸರು ಬರೆದರೆ ನಾವು ಹುಡುಕಿ ಬಿಚ್ಚುತ್ತೇವೆ ಎಂದು ಅವಳಿಗೆ ಗುಮಾನಿ. ಯಾವ ಕಟ್ಟು ಯಾರದು ಎನ್ನುವುದು ಅವಳ ತಲೆಯಲ್ಲಿ ಮಾತ್ರ ಇರುತ್ತಿತ್ತು. ಕ್ರಿಸ್‌ಮಸ್ ಆರಾಧನೆ ಮುಗಿಸಿ ಮನೆಗೆ ಬಂದ ಮೇಲೆಯೇ ಕಪಾಟು ತೆರೆಯುವುದು. ನನಗೆ ಮದುವೆಯಾಗಿ, ಮಗಳು ಹುಟ್ಟಿ, ಪಪ್ಪ ಅಮ್ಮನ ಮನೆಯ ಕೆಳಗಿನ ಮಹಡಿಯಲ್ಲೇ ಸಂಸಾರ ಹೂಡಿದ ಮೇಲೂ ಈ ಕಾನೂನು ಒಂದಿಷ್ಟೂ ಸಡಿಲವಾಗಲಿಲ್ಲ.

ನಾವು ಉಡುಪಿ ಕಡೆಯ ಪ್ರೊಟೆಸ್ಟೆಂಟರು. ಚೆನ್ನೈಯಲ್ಲಿ ನಮ್ಮದು ಸಣ್ಣ ಕನ್ನಡ ಸಭೆ. ಸ್ವಂತ ಚರ್ಚಿಲ್ಲ; ತಮಿಳಿನವರ ಆರಾಧನೆ ಮುಗಿದು ಅವರು ಹೊರಟ ಮೇಲೆ ಅದೇ ಬೆಂಚುಗಳ ಮೇಲೆ ನಾವು ಕೂರುತ್ತೇವೆ. ಇರುವ ಕೆಲವೇ ಮನೆಗಳ ನಡುವೆ ಪ್ರತಿ ಕ್ರಿಸ್‌ಮಸ್ಸಿಗೂ ಉಡುಗೊರೆಗಳು ಓಡಾಡುತ್ತಿದ್ದವು. ಒಮ್ಮೆ ನಾವು ಕೊಟ್ಟಿದ್ದ ಗಾಜಿನ ಬಟ್ಟಲುಗಳ ಸೆಟ್ಟು ಸಭೆಯನ್ನೆಲ್ಲ ಒಂದು ಸುತ್ತು ಹಾಕಿ, ಪೆಟ್ಟಿಗೆ ಕೂಡ ಬದಲಾಗದೆ, ನಮ್ಮ ಮನೆಗೇ ಬಂದು ಕೂತಿತು. ಅಮ್ಮ ನಕ್ಕಳು. ನನಗೆ ಮಾತ್ರ ಮೈಯೆಲ್ಲ ಉರಿಯಿತು.

ಅವಳು ಬದುಕಿದ್ದ ಕೊನೆಯ ವರ್ಷ, ಜುಲೈ ತಿಂಗಳ ಹೆಂಗಸರ ಕೂಟದಲ್ಲಿ ಎದ್ದು ನಿಂತು ಹೇಳಿದಳು: “ನಮಗೆ ನಾವೇ ಕೊಟ್ಟುಕೊಂಡ್ರೆ ಅದೆಂತ ಕ್ರಿಸ್‌ಮಸ್ಸು? ಯಾರ ಮನೆಯಲ್ಲಿ ಎಂತ ಇಲ್ಲ ಹೇಳಿ? ಈ ಸಲ ಎಣ್ಣೂರಿನ ಮೀನುಗಾರರ ಮನೆಗಳಿಗೆ ಹೊಸ ಬಟ್ಟೆ ಕೊಡುವ. ನಮ್ಮೊಳಗೆ ಒಂದು ಕರ್ಚೀಫು ಕೂಡ ಬೇಡ.” ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ನಮ್ಮ ಸಭೆಯನ್ನು ಮೀರಿಸಿದವರಿಲ್ಲ. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಆಗಸ್ಟಿನಲ್ಲಿ ಅಮ್ಮ ಎಂದಿನಂತೆ ಸೌಕಾರ್‌ಪೇಟೆಗೆ ಹೋಗಿ ಬಂದಳು. ಕಟ್ಟುಗಳು ಕಪಾಟು ಸೇರಿದವು. ಅಕ್ಟೋಬರಿನಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ.

ಡಿಸೆಂಬರಿನ ಮೊದಲ ಭಾನುವಾರ ಪಾಸ್ಟರು ವೇದಿಕೆಯಿಂದ ಹೇಳಿದರು, ಈ ವರ್ಷ ನಮ್ಮ ಅಕ್ಕನವರ ಆಸೆಯಂತೆ ಯಾರೂ ಪರಸ್ಪರ ಉಡುಗೊರೆ ಕೊಡುವುದು ಬೇಡ, ಎಲ್ಲವೂ ಎಣ್ಣೂರಿಗೆ ಹೋಗಲಿ, ಅವರ ನೆನಪಿಗೆ. ಅಕ್ಕನವರೆಂದರೆ ನನ್ನ ಅಮ್ಮ. ಬೆಂಚುಗಳಿಂದ ಎಲ್ಲರೂ ತಿರುಗಿ ನಮ್ಮನ್ನು ನೋಡಿದರು. ಅವಳು ಬದುಕಿದ್ದಾಗ ಕಿವಿಗೆ ಹಾಕಿಕೊಳ್ಳದವರು ಈಗ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಮನೆಗೆ ಬಂದವರೇ ಪಪ್ಪ ಕಪಾಟು ತೆರೆದು ಕಟ್ಟುಗಳನ್ನು ಒಂದು ದೊಡ್ಡ ಚೀಲಕ್ಕೆ ತುಂಬತೊಡಗಿದರು. ನಾನು ಅವರ ಕೈ ಹಿಡಿದೆ.

“ಇದು ನಮಗೆ ತಂದದ್ದು ಪಪ್ಪ.”

“ನಿನಗೆ ಹೇಗೆ ಗೊತ್ತು? ಎಣ್ಣೂರಿಗೆ ಕೊಡುವ ಅಂತ ಹೇಳಿದ್ದು ಜುಲೈಯಲ್ಲಿ. ಬಟ್ಟೆ ತಂದದ್ದು ಆಮೇಲೆ. ಅವಳು ಒಂದು ಹೇಳಿ ಇನ್ನೊಂದು ಮಾಡುವವಳಾ?”

“ಅಭ್ಯಾಸ ಬಲದಲ್ಲಿ ತಂದಿರ್ಬಹುದಲ್ಲ? ಒಂದು ಬಿಚ್ಚಿ ನೋಡುವ. ನೋಡಿದ್ರೆ ಗೊತ್ತಾಗ್ತದೆ.”

ಪಪ್ಪ ಚೀಲವನ್ನು ತಮ್ಮ ಕಡೆಗೆ ಎಳೆದುಕೊಂಡರು. “ಕ್ರಿಸ್‌ಮಸ್ ಆರಾಧನೆಗೆ ಮುಂಚೆ ಬಿಚ್ಚುದಾ? ಅವಳಿಲ್ಲ ಅಂತ ಹೇಳಿ?”

ನಾನು ಅವರ ಕೈ ಬಿಟ್ಟೆ. ಎಷ್ಟಾದರೂ ನಾನು ಅದೇ ಮನೆಯ ಮಗಳು. ಒಂದೊಂದು ಕಟ್ಟನ್ನೂ ಪೇಪರಿನ ಮೇಲಿಂದಲೇ ಒತ್ತಿ ನೋಡಿದೆ. ಎಲ್ಲವೂ ಮೆತ್ತಗೆ, ಎಲ್ಲವೂ ಬಟ್ಟೆ. ಒಂದು ನನ್ನದಾಗಿರಬಹುದು, ಅದರಲ್ಲಿ ಅವಳು ನನಗಾಗಿ ಆರಿಸಿದ ಕೊನೆಯ ಬಣ್ಣ ಇರಬಹುದು. ಇಲ್ಲದೆಯೂ ಇರಬಹುದು. ಸತ್ಯ ಹೇಳಬೇಕೆಂದರೆ, ಎಣ್ಣೂರಿನವರ ಕಷ್ಟದ ಬಗ್ಗೆ ನಾನು ಆ ಹೊತ್ತಿನಲ್ಲಿ ಯೋಚಿಸಲೇ ಇಲ್ಲ. ನನಗೆ ನನ್ನ ಅಮ್ಮ ಬೇಕಿತ್ತು.

ಕ್ರಿಸ್‌ಮಸ್ಸಿನ ಹಿಂದಿನ ಶನಿವಾರ ಸಭೆಯ ವ್ಯಾನಿನಲ್ಲಿ ಎಣ್ಣೂರಿಗೆ ಹೋದೆವು. ಮಂಡಿನೋವಿದ್ದ ಪಪ್ಪ ಮನೆಯಲ್ಲೇ ಉಳಿದರು. ವಿದ್ಯುತ್ ಸ್ಥಾವರದ ಚಿಮಣಿಗಳ ಹಿಂದೆ, ಬಲೆ ಒಣಗಲು ಹಾಕಿದ ಓಣಿಯ ಕೊನೆಯಲ್ಲಿ ಒಂದು ಸಣ್ಣ ಚರ್ಚು. ಅದರ ಜಗಲಿಯ ಮೇಲೆ ಕಟ್ಟುಗಳನ್ನು ಇಟ್ಟೆವು. ಉಳಿದವರದ್ದೆಲ್ಲ ಬಣ್ಣದ ಕಾಗದ, ರಿಬ್ಬನ್ನು. ನಮ್ಮದು ಮಾತ್ರ ಕನ್ನಡ ಪೇಪರು. ಅಲ್ಲಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ಕೈಗೆ ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು. ನಾನು ನಗುಮುಖ ಮಾಡಿಕೊಂಡು ಕೊಡುತ್ತಿದ್ದೆ.

ನನ್ನ ವಯಸ್ಸಿನ ಒಬ್ಬಾಕೆ ನಮ್ಮ ಕಟ್ಟೊಂದನ್ನು ತೆಗೆದುಕೊಂಡು, ಜಗಲಿಯ ಕಂಬದ ಬಳಿ ನಿಂತು ಅಲ್ಲೇ ದಾರ ಹರಿದಳು. ನೇರಳೆ ಬಣ್ಣದ ಸೀರೆ. ಅದರ ಮಡಿಕೆಯೊಳಗಿಂದ ಹೊಲಿದು ಮುಗಿಸಿದ ಒಂದು ರವಿಕೆ ಜಾರಿತು. ಅವಳು ಅದನ್ನು ಎತ್ತಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು. ಎಡಗೈ ತೋಳು ಬಲಗೈಯದಕ್ಕಿಂತ ಅಗಲವಿತ್ತು.

ಚಿಕ್ಕಂದಿನಲ್ಲಿ ಬಿದ್ದು ಮುರಿದ ನನ್ನ ಎಡಮೊಣಕೈ ಸೊಟ್ಟಗೆ ಕೂಡಿಕೊಂಡಿದೆ. ನನ್ನ ರವಿಕೆಗಳಿಗೆಲ್ಲ ಆ ಒಂದು ತೋಳನ್ನು ಸಡಿಲ ಬಿಟ್ಟು ಹೊಲಿಸಬೇಕು. ಆಗಸ್ಟಿನಲ್ಲಿ ನನ್ನ ಒಂದು ರವಿಕೆ ಕಾಣೆಯಾದಾಗ ಇಸ್ತ್ರಿಯವನ ಜತೆ ದೊಡ್ಡ ಜಗಳವನ್ನೇ ಆಡಿದ್ದೆ. ಅಮ್ಮ ಪಕ್ಕದಲ್ಲೇ ನಿಂತು ಕೇಳಿಸಿಕೊಂಡು ತುಟಿ ಪಿಟಿಕ್ಕೆನ್ನಲಿಲ್ಲ. ಅಳತೆಗೆಂದು ಅವಳೇ ಅದನ್ನು ಟೈಲರನಿಗೆ ಕೊಟ್ಟಿದ್ದಳೆಂದು ಈಗ ತಿಳಿಯಿತು.

“ಅಕ್ಕಾ, ಇದು ಯಾರ್ ಅಳವು?” ಆಕೆ ತಮಿಳಿನಲ್ಲಿ ಕೇಳಿದಳು, ಇದು ಯಾರ ಅಳತೆ ಎಂದು. ತಪ್ಪು ಕಟ್ಟು ಕೈಗೆ ಬಂತೇನೋ ಎಂಬ ಅಂಜಿಕೆ ಅವಳ ಮುಖದಲ್ಲಿತ್ತು. ವಾಪಸು ಕೊಡಲು ರವಿಕೆಯನ್ನು ಮಡಿಸಲೂ ತೊಡಗಿದಳು. ನನ್ನದೆಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಒಳಗೆ ಬಟ್ಟೆ ಬಿಟ್ಟಿದ್ದಾರೆ, ಹೊಲಿಗೆ ಬಿಚ್ಚಿದರೆ ನಿಮಗೆ ಆಗುತ್ತದೆ ಎಂದು ನನಗೆ ತಿಳಿದ ತಮಿಳಿನಲ್ಲಿ ಹೇಳಿದೆ. ಅವಳು ಒಳಭಾಗವನ್ನು ಹೊರಗೆ ಮಾಡಿ ನೋಡಿ, ಹೌದೆಂದು ತಲೆಯಾಡಿಸಿ, ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಅವಳು ಓಣಿ ತಿರುಗುವವರೆಗೂ ಆ ನೇರಳೆ ಬಣ್ಣವನ್ನು ನೋಡುತ್ತಾ ನಿಂತೆ. ಜಗಲಿಯ ಮೇಲಿದ್ದ ಉಳಿದ ಕಟ್ಟುಗಳನ್ನು ಬೇರೆ ಯಾರೋ ಹಂಚಿ ಮುಗಿಸಿದರು.

ಮನೆಗೆ ಬಂದಾಗ ಪಪ್ಪ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಎಲ್ಲ ಸರಿ ಆಯ್ತಾ ಎಂದು ಕೇಳಿದರು. ಸುಮ್ಮನಿರಬಹುದಿತ್ತು, ಆದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

“ಅದು ನಮ್ಮದೇ ಪಪ್ಪ. ನನ್ನ ಅಳತೆಯ ರವಿಕೆ ಇತ್ತು ಅದರಲ್ಲಿ.”

ಅವರು ವಾದಕ್ಕೆ ಇಳಿಯುತ್ತಾರೆಂದುಕೊಂಡೆ.

“ಹಾಗಾದ್ರೆ ನನಗೂ ಒಂದು ತಂದಿದ್ಳು,” ಎಂದರು. ಈ ವರ್ಷ ತಮಗೇನೂ ತಾರದೆ ಹೋಗಿಬಿಟ್ಟಳು ಎಂದು ಇಷ್ಟು ದಿನ ಅವರು ನಂಬಿದ್ದರು. ಅದನ್ನು ನಮ್ಮ ಯಾರ ಹತ್ತಿರವೂ ಹೇಳಿರಲಿಲ್ಲ. ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ಆಸೆಯಿಂದ ನನ್ನನ್ನು ಕೇಳಿದರು:

“ಅಂಗಿಯಾ? ಎಂತ ಬಣ್ಣ? ಯಾರ ಕೈಗೆ ಹೋಯ್ತು, ನೀನು ನೋಡಿದ್ಯಾ?”

ನಾನು ನೋಡಿರಲಿಲ್ಲ.