ತಂತಿಯಮ್ಮ ಕಿತ್ತ ಪ್ರೊಸೆಸರ್

ಹಲ್ಲಿನ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ತಂತಿ ಬಗ್ಗಿಸುತ್ತಿರುವವಳನ್ನು ತಂತಿಯಮ್ಮ ಎನ್ನದೆ ಇನ್ನೇನೆನ್ನುತ್ತಾರೆ? ಊರಿನ ಮಕ್ಕಳ ಸೊಟ್ಟಹಲ್ಲುಗಳಲ್ಲಿ ಅರ್ಧಪಾಲು ಅವಳ ತಂತಿಗೆ ಹೆದರಿಯೇ ಸಾಲಿಗೆ ಬಂದಿದ್ದವು. ತನ್ನ ಕೈಯ ಮೇಲೆ ಅವಳಿಗೆ ಎಲ್ಲಿಲ್ಲದ ನಂಬಿಕೆ. ಯಾರಾದರೂ ಒಂದು ಕೆಲಸಕ್ಕೆ ಕೈ ಹಾಕಿ ತಿಣುಕುತ್ತಿದ್ದರೆ ನೋಡಿಕೊಂಡು ಕೂರುವ ಜಾಯಮಾನವೇ ಅವಳದಲ್ಲ, ಕಸಿದುಕೊಂಡು ಮಾಡಿ ಮುಗಿಸುವವಳು.

ಮನೆಯಲ್ಲಿ ಇರುವುದು ಅವಳು ಮತ್ತು ಅಣ್ಣ. ಅಣ್ಣ ಬಡಗಿ. ಮೂರು ವರ್ಷದ ಹಿಂದೆ ಕೈ ನಡುಗಲು ಶುರುವಾಗಿ ಉಳಿ ಕೆಳಗಿಟ್ಟ. ಆಮೇಲೆ ಹಠ ಹಿಡಿದು ಕಂಪ್ಯೂಟರ್ ಕಲಿತು, ಬೇರೆ ಬಡಗಿಗಳಿಗೆ ಕಪಾಟು, ಕಿಟಕಿಗಳ ನಕ್ಷೆ ಮಾಡಿಕೊಡತೊಡಗಿದ. ಕೈ ನಡುಗಿದರೂ ತೆರೆಯ ಮೇಲೆ ಗೆರೆ ನೆಟ್ಟಗೇ ಬೀಳುತ್ತದೆ. ಆ ಹಳೆಯ ಕಂಪ್ಯೂಟರ್ ಪೆಟ್ಟಿಗೆಯೊಂದು ನಿಂತರೆ ಅವನು ಕೈಕಟ್ಟಿ ಕೂರಬೇಕು. ಅದು ಇಬ್ಬರಿಗೂ ಗೊತ್ತಿತ್ತು.

ಪೆಟ್ಟಿಗೆ ಬಿಸಿಯಾಗಿ ಗಳಿಗೆಗೊಮ್ಮೆ ನಿಲ್ಲುತ್ತಿತ್ತು. ಇನ್ನಷ್ಟು ಮೆಮೊರಿ, ದೊಡ್ಡದೊಂದು ಫ್ಯಾನು ಹಾಕಿದರೆ ಸರಿಹೋಗುತ್ತದೆ ಎಂದ ಕಂಪ್ಯೂಟರ್ ಅಂಗಡಿಯವನು. ಭಾನುವಾರ ಬೆಳಿಗ್ಗೆ ಅಣ್ಣ ಸ್ಕ್ರೂಡ್ರೈವರ್ ತೆಗೆದುಕೊಳ್ಳುವಷ್ಟರಲ್ಲಿ ತಂಗಿ ಅದನ್ನು ಕಸಿದುಕೊಂಡಾಗಿತ್ತು.

ಮೆಮೊರಿ ಸಲೀಸಾಗಿ ಕೂತಿತು. ಹಳೆಯ ಫ್ಯಾನು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಬಿಸಿ ಇಳಿಸಲು ಅದರಡಿ ಬಳಿದಿದ್ದ ಪೇಸ್ಟು ಒಣಗಿ, ಫ್ಯಾನು ಕೆಳಗಿದ್ದ ಪ್ರೊಸೆಸರಿಗೆ, ಅಂದರೆ ಕಂಪ್ಯೂಟರಿನ ಮಿದುಳಿಗೇ, ಅಂಟಿಕೊಂಡಿತ್ತು. ಬಾಯಿಂದ ಹಲ್ಲಿನ ಅಚ್ಚು ತೆಗೆಯುವಾಗ ಅಲುಗಿಸಬಾರದು, ನೆಟ್ಟಗೆ ಒಂದೇ ಎಳೆತಕ್ಕೆ ಕೀಳಬೇಕು. ಅಲುಗಿಸಿದರೆ ಅಚ್ಚು ಕೆಟ್ಟಿತು. ತಂತಿಯಮ್ಮನಿಗೆ ಅದು ರಕ್ತದಲ್ಲೇ ಇಳಿದ ಪಾಠ. ಅಣ್ಣ “ಸ್ವಲ್ಪ ತಿರುಗ್ಸಿ...” ಎನ್ನುತ್ತಿದ್ದಂತೆಯೇ ಒಂದೇ ಎಳೆತಕ್ಕೆ ಕಿತ್ತಳು. ಫ್ಯಾನಿನ ಬುಡಕ್ಕೆ ಕಚ್ಚಿಕೊಂಡು ಪ್ರೊಸೆಸರೂ ಬಂತು. ಅದರಡಿಯ ಸಾವಿರ ಚಿಲ್ಲರೆ ಪಿನ್ನುಗಳಲ್ಲಿ ಒಂದು ಮೂಲೆಯವು ಮಲಗಿಬಿಟ್ಟಿದ್ದವು.

ಅಂಗಡಿಯವನಿಗೆ ಫೋನು ಮಾಡಿದಳು. ಆ ಮಾದರಿಯ ಪ್ರೊಸೆಸರ್ ಈಗ ಬರುವುದಿಲ್ಲ, ಪೆಟ್ಟಿಗೆಯನ್ನೇ ಬದಲಿಸಿ ಎಂದ. ಅಣ್ಣ ಕಲಿತ ಹಳೆಯ ಪ್ರೋಗ್ರಾಂ ಹೊಸದರಲ್ಲಿ ನಡೆಯುವುದಿಲ್ಲವೆಂದೂ ಸೇರಿಸಿದ.

ಅಣ್ಣ ಬೈದಿದ್ದರೆ ತಿರುಗಿ ಎರಡು ಮಾತಾಡಬಹುದಿತ್ತು. ಅವಳಿಗೆ ನಾಚಿಕೆಯಿಂದ ಕುಗ್ಗಿಹೋದ ಹಾಗಾಯಿತು.

“ತಪ್ಪು ನಂದೇ ಅಣ್ಣ. ನಿನ್ನ ಮಾತು ಮುಗಿಯೋವರೆಗೂ ಕಾಯ್ಲಿಲ್ಲ.”

ಅಂಟಿದ್ದ ಪ್ರೊಸೆಸರನ್ನು ಬಿಸಿಗಾಳಿ ಹಿಡಿದು, ಅಣ್ಣ ಹೇಳಿದಂತೆ ತಿರುಗಿಸಿಯೇ ಬಿಡಿಸಿದಳು. ಕಟ್ಟಿಸಿದ ಹಲ್ಲಿಡುವ ಡಬ್ಬಿಯಲ್ಲಿ ಅದನ್ನು ಮಲಗಿಸಿಕೊಂಡು ಲ್ಯಾಬಿಗೆ ಹೋಗಿ ಬೀಗ ತೆಗೆದಳು. ದೀಪ ಹತ್ತಿರಕ್ಕೆಳೆದು, ಭೂತಗನ್ನಡಿ ಕಣ್ಣಿಗೇರಿಸಿ ನೋಡಿದಾಗ ಅವಳ ಧೈರ್ಯ ಮರಳಿತು. ಕಂಪ್ಯೂಟರಿನ ಸಂಗತಿ ಹಾಳಾಗಲಿ, ಇದು ತಂತಿ. ತಂತಿಯ ಗುಣ ಅವಳಿಗೆ ಗೊತ್ತು: ಬಗ್ಗಿದ್ದು ಒಂದು ಸಲ ಮಾತು ಕೇಳುತ್ತದೆ, ಎರಡನೆಯ ಸಲ ಬಗ್ಗಿಸಹೋದರೆ ಮುರಿಯುತ್ತದೆ. ಸೊಟ್ಟಗಾದವು ಹದಿನೇಳು. ತೆಳು ಬ್ಲೇಡನ್ನು ಸಾಲಿನ ನಡುವೆ ತೂರಿಸಿ, ಒಂದೊಂದನ್ನೂ ಒಂದೇ ಸಲಕ್ಕೆ ಎತ್ತುತ್ತ ಬಂದಳು. ಕತ್ತು ಹಿಡಿದುಕೊಂಡಿತು, ಕೈ ಮಾತ್ರ ಸೋಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹದಿನೇಳೂ ಎದ್ದು ನಿಂತವು.

ಮನೆಗೆ ಬಂದು ಡಬ್ಬಿಯನ್ನು ಅಣ್ಣನ ಮುಂದಿಟ್ಟಳು. ಅಣ್ಣ ಕನ್ನಡಕ ಸರಿಮಾಡಿಕೊಂಡು ಸಾಲಿನುದ್ದಕ್ಕೂ ನೋಡಿದ, ಹಿಂದೆ ಹಲಗೆಯ ಅಂಚಿಗೆ ಕಣ್ಣಿಟ್ಟು ನೋಡುತ್ತಿದ್ದ ಹಾಗೆಯೇ.

“ನೆಟ್ಟಗಿದೆ. ಕೂರಿಸು, ಒತ್ಬೇಡ. ಸರಿಯಿದ್ರೆ ತಾನಾಗೇ ಇಳಿಯತ್ತೆ.”

ಅವಳು ಮೆಲ್ಲಗೆ ಇಟ್ಟು ಕೈ ತೆಗೆದಳು. ಇಳಿಯಿತು. ಹೊಸ ಫ್ಯಾನಿಗೆ ಕೈ ಚಾಚಿದವಳು ಅಲ್ಲೇ ತಡೆದು ಅಣ್ಣನ ಮುಖ ನೋಡಿದಳು. ಅವನ ಕಣ್ಣು ಸ್ಕ್ರೂಡ್ರೈವರಿನ ಮೇಲಿತ್ತು. ಅವಳು ಅದನ್ನು ಅವನ ಕಡೆ ಸರಿಸಿ ಕುರ್ಚಿ ಬಿಟ್ಟೆದ್ದಳು.

ನಾಲ್ಕು ಸ್ಕ್ರೂ ಹಾಕಲು ಅಣ್ಣನಿಗೆ ಮುಕ್ಕಾಲು ಗಂಟೆ ಹಿಡಿಯಿತು. ಪಕ್ಕದಲ್ಲಿ ಕೂತ ತಂತಿಯಮ್ಮನಿಗೆ ಹದಿನೇಳು ಪಿನ್ನು ಎತ್ತಿದ್ದು ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಸ್ಕ್ರೂ ಜಾರಿ ಬಿದ್ದಾಗಲೆಲ್ಲ ಹೆಕ್ಕಿ ಮೇಜಿನ ಮೇಲಿಟ್ಟಳೇ ಹೊರತು ತೂತಿಗೆ ಇಡಲಿಲ್ಲ. ಬಾಯಿ ತೆರೆಯದಂತೆ ತುಟಿ ಕಚ್ಚಿಕೊಂಡಿದ್ದಳು.

ಗುಂಡಿ ಒತ್ತಿದ. ಫ್ಯಾನು ತಿರುಗಿತು, ತೆರೆ ಬೆಳಗಿತು, ಅರ್ಧಕ್ಕೆ ನಿಂತಿದ್ದ ಕಪಾಟಿನ ನಕ್ಷೆ ತೆರೆದುಕೊಂಡಿತು. ಅಣ್ಣ ತಂಗಿಯ ಕಡೆ ತಿರುಗಿದ.

“ನಾನೇ ಹಾಕಿದ್ದು,” ಎಂದ.